ಶುಭಾಶಯಗಳ ಹಿಂದಿನ ತೋಟ

ಫ್ಲೆಕ್ಸ್ ಬಂದಮೇಲೆ ಬಳ್ಳಾರಿಯಲ್ಲಿ ಬೋರ್ಡು ಬರೆಯುವ ನಬೀಸಾಬರನ್ನು ಕೇಳುವವರೇ ಇರಲಿಲ್ಲ. ಅಂಥದರಲ್ಲಿ ಬಾದನಹಟ್ಟಿಯ ವೀರಭದ್ರ ದೊಡ್ಡದೊಂದು ಚಿತ್ರ ಹೊತ್ತು ತಂದ. ಪಾರ್ವತಿನಗರದಲ್ಲಿ ಭಾವನ ಗೃಹಪ್ರವೇಶವಂತೆ, ಅದಕ್ಕೆ ಉಡುಗೊರೆಯಂತೆ. ಮಗಳು ಅಕ್ಷಿತಾ ತಿಂಗಳುಗಟ್ಟಲೆ ತಮ್ಮ ಸೇವಂತಿಗೆ ತೋಟದ ಬಿಸಿಲಲ್ಲಿ ಕೂತು ಬಿಡಿಸಿದ್ದಂತೆ. ಈಗ ಅದರ ಮೇಲೆ ಹೆಸರು ಬರೆಯಬೇಕು. ಹೆಸರು ಕೊರೆಸದೆ ಒಂದು ಸ್ಟೀಲ್ ಚಮಚವನ್ನೂ ಯಾರಿಗೂ ಕೊಟ್ಟ ಮನೆತನವಲ್ಲ ಅದು.

“ನಡಬರಕ, ಕೆಂಪು ಬಣ್ಣದಾಗ, ದಪ್ಪಗ ಬರೀರಿ. ಯಾರ್ ಕೊಟ್ಟಾರ ಅಂತ ಬಂದೋರಿಗೆ ಗೊತ್ತಾಗ್ಬೇಕ್ರಿ,” ಎಂದು ಹೇಳಿ ಹೋದ.

ನಬೀಸಾಬರು ಮೊದಲು ಚಿತ್ರಕ್ಕೇ ಮೂಗು ಮುರಿದರು. ಬರೀ ಹಳದಿ, ಬಿಳಿ ಮೆತ್ತಿದ್ದು. ಒಂದು ಹೂವಿಗಾದರೂ ಎಸಳಿಲ್ಲ. ಬಣ್ಣಕ್ಕೆ ಬಂದ ಕೇಡು ಅಂದುಕೊಂಡರು. ಆದರೆ ನಲವತ್ತು ವರ್ಷದ ರೂಢಿ: ಯಾವ ಬೋರ್ಡನ್ನೂ ರಸ್ತೆಯಾಚೆ ನಿಂತು ನೋಡದೆ ಅವರು ಕುಂಚ ಹಿಡಿದವರಲ್ಲ. ಚಿತ್ರವನ್ನು ಅಂಗಡಿ ಮುಂದೆ ಒರಗಿಸಿ, ರಸ್ತೆ ದಾಟಿ ಹೋಗಿ ತಿರುಗಿದರು. ಆಟೋಗಳ ಹೊಗೆಯಾಚೆ ಸೇವಂತಿಗೆ ಸಾಲುಗಳು ಬಿಸಿಲಲ್ಲಿ ಅಲ್ಲಾಡುತ್ತಿದ್ದವು. ಭಲೇ ಹುಡುಗಿ! ಇಂಥಾದ್ದರ ನಟ್ಟನಡುವೆ ಆ ಪುಣ್ಯಾತ್ಮನ ಹೆಸರೇ? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಈ ತೋಟಕ್ಕೆ ತಮ್ಮ ಕುಂಚ ತಾಗಬಾರದು ಎಂದು ಅವರು ಅಲ್ಲೇ ತೀರ್ಮಾನಿಸಿದರು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಚಿತ್ರ ಮಗುಚಿ ಹಾಕಿ, ಹಿಂಬದಿಗೆ ಬಡಿದಿದ್ದ ಹಲಗೆಗೆ ಬಿಳಿ ಬಳಿದು, ಅಕ್ಷರಗಳಿಗೆ ನೆರಳು ಕೊಟ್ಟು ಕೆಂಪಗೆ ಬರೆದರು: ‘ಶುಭಾಶಯಗಳೊಂದಿಗೆ, ವೀರಭದ್ರ ಮತ್ತು ಕುಟುಂಬ’. ಚಿತ್ರದ ಮುಂಬದಿಗೆ ಬರೆದರೆ ಬಣ್ಣ ಹಿಡಿಯುವುದಿಲ್ಲ ಎಂದು ಒಂದು ಸುಳ್ಳನ್ನೂ ಬಿಟ್ಟರು. ವೀರಭದ್ರ ಅಕ್ಷರ ನೋಡಿ ಹಿಗ್ಗಿ, ಗೃಹಪ್ರವೇಶದ ಊಟಕ್ಕೆ ಅವರನ್ನೂ ಕರೆದ.

ಪಾರ್ವತಿನಗರದ ಆ ಮನೆಯೊಳಗೆ ಕಾಲಿಟ್ಟ ನಬೀಸಾಬರು ಬಾಗಿಲಲ್ಲೇ ನಿಂತುಬಿಟ್ಟರು. ಎದುರಿನ ಗೋಡೆಯ ಮೇಲೆ ಅವರದೇ ಕೆಂಪಕ್ಷರ. ತೋಟ ಗೋಡೆಗೆ ಮುಖ ಮಾಡಿತ್ತು. ಆಹಾ, ಎಂಥ ಅಕ್ಷರ, ಇಂಥ ಕೈ ಈಗೆಲ್ಲಿ ಸಿಗುತ್ತದೆ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಆ ಮಾತು ಕೇಳಲು ನಬೀಸಾಬರು ಎಷ್ಟು ವರ್ಷದಿಂದ ಹಂಬಲಿಸಿದ್ದರೋ. ಈಗ ಮುಖ ಬೇರೆ ಕಡೆ ತಿರುಗಿಸಿದರು. ಯಾರೋ ಚಿತ್ರದ ಹಿಂದೆ ಇಣುಕಿ ನೋಡಿದರು.

“ಹಿಂದಕ್ಕ ನಮ್ಮ ಹುಡುಗಿ ಏನೋ ಬಣ್ಣ ಹಚ್ಯಾಳ ಬಿಡ್ರಿ,” ಎಂದ ವೀರಭದ್ರ.

ಅಕ್ಷಿತಾ ಅಪ್ಪನ ಪಕ್ಕದಿಂದ ಈಚೆ ಸರಿದಳು. ನಬೀಸಾಬರ ಉಗುರಿನ ಕೆಂಪು ಬಣ್ಣ ನೋಡಿ ಹತ್ತಿರ ಬಂದಳು.

“ಕಾಕಾ, ಅದನ್ನ ಬರದೋರು ನೀವಾ?”

“ಅಲ್ಲವ್ವಾ,” ಎಂದರು ನಬೀಸಾಬರು.

ನಲವತ್ತು ವರ್ಷದಲ್ಲಿ ತಮ್ಮ ಅಕ್ಷರವನ್ನು ಅವರು ತಮ್ಮದಲ್ಲ ಎಂದದ್ದು ಅದೇ ಮೊದಲು.