ಮೂರು ಕೋಟ್ ಬಿಳಿ

"ಈ ಸೊಪ್ಪಿನವಳನ್ನ ಯಾವಳೇ ಇಲ್ಲಿ ಬರ್ದವ್ಳು?"

ವೆಂಕಟೇಶಪ್ಪ ಏಣಿಗೆ ಒದ್ದ. ಮೇಲಿದ್ದ ನಾನು ಗೋಡೆಗೆ ಅಂಟಿಕೊಂಡೆ. ಅವನು ನಮ್ಮ ಪೇಂಟಿಂಗ್ ಕಂಟ್ರಾಕ್ಟರ್. ಪಕ್ಕದಲ್ಲಿ ಟೆಕ್ ಪಾರ್ಕಿನ ಮ್ಯಾನೇಜರ್ ಭಾನುಪ್ರಕಾಶ್ ಮೂಗಿಗೆ ಕರ್ಚೀಫ್ ಹಿಡಿದು ನಿಂತಿದ್ದರು.

"ಗೋಡೆ ಮೇಲೆ ಹೂಡಿ ರಸ್ತೆ ಚಿತ್ರ ಬರೀರಿ ಅಂದ್ರಲ್ಲ ಸಾರ್," ಅಂದೆ. "ಈ ಗೇಟಿನ ಪಕ್ಕ ಚಿಕ್ಕಮುನಿಯಮ್ಮ ಇಪ್ಪತ್ತು ವರ್ಷ ಕೂತಿದ್ರು."

"ಅದಕ್ಕೇ ಕಣಮ್ಮ ಹೋದ ವಾರ ಎಬ್ಬಿಸಿದ್ದು. ನಾಲ್ಕು ಗಂಟೆಗೆ ಫಾರಿನ್ ಕ್ಲೈಂಟ್ಸ್ ಬರ್ತಾರೆ. ಕಾರು, ಮರ, ಸೈಕಲ್ ಹುಡುಗಿ ಇರ್ಲಿ. ಇವಳು ಔಟ್," ಅಂದರು ಭಾನುಪ್ರಕಾಶ್.

"ಕೇಳಿಸ್ತೇನೇ ಲೌಡಿ? ಬಿಳಿ ಹೊಡಿ," ಅಂದ ವೆಂಕಟೇಶಪ್ಪ.

ಚಿತ್ರದ ಕಾರಿಗೂ ಮರಕ್ಕೂ ಒಳ್ಳೆಯ ಎಮಲ್ಷನ್ ಪೇಂಟ್ ಬಂದಿತ್ತು. ಕಪ್ಪು ಮಾತ್ರ ಬಂದಿರಲಿಲ್ಲ. ಟೆರೇಸಿಗೆ ಬಳಿದು ಮಿಕ್ಕ ಡಾಂಬರಿನ ಡಬ್ಬವನ್ನೇ ಅವನು ತಂದಿಟ್ಟು, "ಇದೂ ಕಪ್ಪೇ ತಾನೆ, ಥಿನ್ನರ್ ಬೆರೆಸ್ಕೊ" ಅಂದಿದ್ದ. ಹಾಗಾಗಿ ಚಿಕ್ಕಮುನಿಯಮ್ಮನ ಮೈ, ಸೀರೆ, ಬುಟ್ಟಿ ಎಲ್ಲವೂ ಡಾಂಬರು.

ಬಿಳಿ ಹೊಡೆದೆ. ಹನ್ನೊಂದಕ್ಕೆ ಗೋಡೆ ಹಾಲಿನಂತಿತ್ತು. ಹನ್ನೆರಡರ ಬಿಸಿಲಿಗೆ ಬಿಳಿಯ ಮೇಲೆ ಡಾಂಬರು ಒಸರಿ ಎರಡು ಕಂದು ಕಣ್ಣು ತೆರೆದವು.

ಜೊತೆಗೆಲಸದ ರಾಣಿಗೆ ಥಿನ್ನರ್ ವಾಸನೆಯಿಂದ ಮೊದಲೇ ತಲೆ ತಿರುಗುತ್ತಿತ್ತು. ನೆಲಕ್ಕೆ ಕೂತು ನಗತೊಡಗಿದಳು. "ವೇಣಿ, ಎದ್ಲು ಕಣೆ ಮುದುಕಿ."

ಎರಡನೇ ಕೋಟಿಗೆ ಮೂಗು ಬಂತು, ಹಿಂದೆಯೇ ಮೂಗುತಿ ಬಂತು. ಮೂರನೆಯದನ್ನು ವೆಂಕಟೇಶಪ್ಪ ನಮ್ಮ ಅಮ್ಮ ಅಕ್ಕಂದಿರನ್ನೆಲ್ಲ ಬೈಯುತ್ತಾ ತಾನೇ ಬಳಿದ. ಡಾಂಬರಿನ ಮೇಲೆ ಮೊದಲು ಅಲ್ಯೂಮಿನಿಯಂ ಪೇಂಟ್ ಹೊಡೆದರೆ ಕಲೆ ಮೇಲೇಳುವುದಿಲ್ಲ. ನನಗೆ ಗೊತ್ತಿತ್ತು. ನಗು ಅದುಮಿಕೊಂಡು ಅವನ ಕೈಗೆ ಬಿಳಿ ಡಬ್ಬ ಕೊಟ್ಟೆ. ಬಾಯಿ ಬಿಡಲಿಲ್ಲ.

ಮೂರೂವರೆಗೆ ಮುದುಕಿ ಬುಟ್ಟಿ ಸಮೇತ ಬಿಳಿಯೊಳಗಿಂದ ಪೂರ್ತಿ ಎದ್ದು ಬಂದಳು, ಮೊದಲಿಗಿಂತ ಅಗಲವಾಗಿ.

ಸುದ್ದಿ ಊರೊಳಗೆ ಹೋಗಿತ್ತು. ಚಿಕ್ಕಮುನಿಯಮ್ಮನೇ ತಲೆಯ ಮೇಲೆ ಬುಟ್ಟಿ ಹೊತ್ತು ಬಂದರು. ಗೋಡೆಯನ್ನು ಮೇಲೆ ಕೆಳಗೆ ನೋಡಿದರು.

"ನನ್ ಮೂಗು ಇಷ್ಟ್ ದಪ್ಪ ಐತೇನೆ ವೇಣಿ?"

"ಬಿಸ್ಲಿಗೆ ಊದ್ಕೊಂಡದೆ ಅಜ್ಜಿ," ಅಂದಳು ರಾಣಿ. ಗೇಟಿನ ಸೆಕ್ಯೂರಿಟಿ ಮುಖ ತಿರುಗಿಸಿಕೊಂಡು ನಕ್ಕ.

ಅಜ್ಜಿ ತನ್ನ ಚಿತ್ರದ ಕೆಳಗೇ ಗೋಣಿ ಹಾಸಿ ಕೂತು ದಂಟು, ಸಬ್ಬಸಿಗೆ ಜೋಡಿಸತೊಡಗಿದರು. ರಸ್ತೆಯ ತುದಿಯಲ್ಲಿ ಕಾರುಗಳ ಸಾಲು ಕಾಣಿಸಿತು. ಭಾನುಪ್ರಕಾಶ್ ಓಡಿಬಂದರು.

"ಏಳಮ್ಮ ಮೇಲೆ. ಏಳು ಅಂದ್ನಲ್ಲ."

ಚಿಕ್ಕಮುನಿಯಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತಾ, ತಲೆಯ ಮೇಲೆ ಗೋಡೆಯಲ್ಲಿದ್ದ ಕಂದು ಹೆಂಗಸನ್ನು ಒದ್ದೆ ಬೆರಳಿನಿಂದ ತೋರಿಸಿದರು.

"ಮೊದ್ಲು ಅವ್ಳನ್ನ ಎಬ್ಸಪ್ಪ. ಆಮ್ಯಾಕೆ ನಾನ್ ಏಳ್ತೀನಿ."