ಬೆಳ್ಳಿಯ ಕಿವಿಯೋಲೆ

"ದುಡ್ಡು ಬರದೆ ಹೋದ್ರೂ ಬುಡು, ಕ್ಯಾನ್ಸಲ್ ಮಾಡು" ಎಂದಳು ಕಾವೇರಮ್ಮ.

ಮೇಜಿನ ಆಚೆ ಕೂತಿದ್ದ ಮನು ಪೆನ್ನು ಕೆಳಗಿಟ್ಟ. ರಾಮನಗರದ ಬಸ್ ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಅವನ ಆಫೀಸು. ಕಂಪನಿಗೂ ಜನಕ್ಕೂ ನಡುವೆ ನಿಂತು ಬೈಕಿಗೆ, ಅಂಗಡಿಗೆ, ಹಸುವಿಗೆ ವಿಮೆ ಮಾಡಿಸಿಕೊಡುವುದು ಅವನ ಕಸುಬು. ಮಾಡಿಸಲು ಬಂದವರಿಗೆ ಟೀ ತರಿಸುತ್ತಿದ್ದವನು ರದ್ದು ಮಾಡಿಸಲು ಬಂದವರಿಗೆ ಕುರ್ಚಿಯನ್ನೂ ತೋರಿಸುತ್ತಿರಲಿಲ್ಲ. ಪಾಲಿಸಿ ರದ್ದಾದರೆ ತಿಂದ ಕಮಿಷನ್ನನ್ನು ಅವನು ಕಕ್ಕಬೇಕಿತ್ತು, ಪಾಪ.

ಅವನು ಇನ್ನೊಮ್ಮೆ ಬಿಡಿಸಿ ಹೇಳಿದ. ಹಸುವಿನ ಒಂದು ವರ್ಷದ ಪಾಲಿಸಿಯಲ್ಲಿ ಮುಕ್ಕಾಲು ಭಾಗ ಕಳೆದಿದೆ, ಅಷ್ಟು ದುಡ್ಡು ಕಂಪನಿಯದು. ಉಳಿದದ್ದರಲ್ಲಿ ತೆರಿಗೆ ವಾಪಸಿಲ್ಲ, ದನದ ಡಾಕ್ಟರ ಸರ್ಟಿಫಿಕೇಟಿಗೆ ಕೊಟ್ಟದ್ದು ವಾಪಸಿಲ್ಲ. ರದ್ದು ಮಾಡುವ ಫೀಸು ಬೇರೆ, ಅದರ ಮೇಲೆ ಅವನ ಆಫೀಸಿನ ಸರ್ವಿಸ್ ಚಾರ್ಜು. ಎಲ್ಲ ಹಿಡಿದುಕೊಂಡು ಅವಳ ಕೈಗೆ ಬರುವುದು ಅರ್ಧ ಮೂಟೆ ಬೂಸಾಕ್ಕೂ ಸಾಲದು. ಅದರ ಬದಲು ಹಸು ಕೊಂಡವರ ಹೆಸರಿಗೆ ಪಾಲಿಸಿ ವರ್ಗ ಮಾಡಿಕೊಟ್ಟರೆ ಸಣ್ಣ ಫೀಸಿನಲ್ಲಿ ಮುಗಿಯುತ್ತದೆ, ಹಸುವಿಗೂ ಒಂದು ಭದ್ರತೆ ಇರುತ್ತದೆ.

"ಅವ್ಳ ಹೆಸ್ರಿಗಾ?" ಕಾವೇರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. "ನಾನ್ ಕಟ್ಟಿರೋ ದುಡ್ಡು ಅವ್ಳ ಕೊಟ್ಟಿಗೆ ಕಾಯ್ಬೇಕಾ? ಆಗಕಿಲ್ಲ."

ಅವಳು ಎಂದರೆ ಧನಲಕ್ಷ್ಮಿ, ಕಾವೇರಮ್ಮನ ಮೈದುನ ನಾಗರಾಜುವಿನ ಹೆಂಡತಿ. ಬೈರಮಂಗಲದಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ, ಆದರೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಡೈರಿಯಲ್ಲಿ ಒಂದು ಬೆಳಿಗ್ಗೆ ಕಾವೇರಮ್ಮನ ಹಾಲಿನ ಡಿಗ್ರಿ ಕಡಿಮೆ ಬಂದಿತ್ತು. ಹಿಂದೆ ಸಾಲಿನಲ್ಲಿದ್ದ ಧನಲಕ್ಷ್ಮಿ, ರಾತ್ರಿ ನಲ್ಲಿಯಲ್ಲಿ ನೀರು ಚೆನ್ನಾಗಿ ಬಂದಿತ್ತಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ನಕ್ಕಿದ್ದಳು. ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ ಕಾವೇರಮ್ಮ. ಆ ನಗುವನ್ನು ಅವಳು ಇನ್ನೂ ನುಂಗಿರಲಿಲ್ಲ, ನುಂಗುವ ಇರಾದೆಯೂ ಇರಲಿಲ್ಲ.

ಹಸು ಬೆಳ್ಳಿಯನ್ನು ಮಾರಲು ಅವಳಿಗೇನು ಇಷ್ಟವಿತ್ತೇ? ಮಂಡಿ ಸವೆದಿತ್ತು, ಕುಕ್ಕರುಗಾಲಲ್ಲಿ ಕೂರಲೇಬಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಗಂಡ ರಾಮಲಿಂಗಯ್ಯ ಹಾಲು ಕರೆಯಲು ಹೋದರೆ ಬೆಳ್ಳಿ ಒದ್ದು ಬಕೆಟ್ಟು ಉರುಳಿಸುತ್ತಿತ್ತು. ಕೊನೆಗೆ ದಲ್ಲಾಳಿ ಸ್ವಾಮಿ ಬಂದ. ಅಂಗಳದಲ್ಲಿ ನಿಂತು, ಟವೆಲ್ಲಿನ ಕೆಳಗೆ ರಾಮಲಿಂಗಯ್ಯನ ಬೆರಳು ಹಿಡಿದು, ಪಕ್ಕದಲ್ಲಿದ್ದ ಅವಳಿಗೂ ತಿಳಿಯದ ಹಾಗೆ ರೇಟು ಮುಗಿಸಿದ. ಕೊಂಡವರು ಯಾರೆಂದು ಕೇಳಿದರೆ ಮರಳವಾಡಿ ಕಡೆಯ ಪಾರ್ಟಿ ಎಂದ. ಟೆಂಪೋ ಹತ್ತಿಸುವಾಗ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಮಾರನೆಯ ಸಂಜೆ, ಹಾಲು ಕರೆಯುವ ಹೊತ್ತಿಗೆ, ಗೋಡೆಯಾಚೆಯಿಂದ ಬೆಳ್ಳಿ ಕೂಗಿತು. ಆ ದನಿ ಅವಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಟಿ.ವಿ. ಮುಂದೆ ಕೂತಿದ್ದ ರಾಮಲಿಂಗಯ್ಯ ರಿಮೋಟು ತೆಗೆದುಕೊಂಡು ಸೌಂಡು ತಗ್ಗಿಸಿದ. ಅವಳು ಅದನ್ನು ಕಿತ್ತುಕೊಂಡು ಇನ್ನಷ್ಟು ಜೋರು ಮಾಡಿದಳು. ಅಲ್ಲಿಂದಾಚೆಗೆ ದಿನವೂ ಇದೇ ಆಯಿತು. ಹಸು ಕೂಗಿದರೆ ಅವನು ತಗ್ಗಿಸುವುದು, ಅವಳು ಬೈದು ಏರಿಸುವುದು. ಗಂಡಸು ಅನ್ನಿಸಿಕೊಂಡವನು ತಮ್ಮನ ಮನೆಗೆ ಹೋಗಿ ಜಗಳ ತೆಗೆಯುವುದು ಬಿಟ್ಟು ಕಿವಿಗೊಟ್ಟು ಕೂರುತ್ತಾನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ದಲ್ಲಾಳಿಗೆ ಫೋನು ಮಾಡಿ ಉಗಿದಳು. ಅವನು ವ್ಯಾಪಾರ ಮುಗೀತಲ್ಲಮ್ಮ ಎಂದು ಫೋನಿಟ್ಟ. ಹಗ್ಗ ಕೈಬಿಟ್ಟಿತ್ತು, ದುಡ್ಡು ಬ್ಯಾಂಕಿಗೆ ಬಿದ್ದಿತ್ತು. ತನ್ನ ಹೆಸರಿನಲ್ಲಿ ಇನ್ನೂ ಉಳಿದಿರುವುದು ಆ ಪಾಲಿಸಿ ಒಂದೇ ಎಂದು ಹೊಳೆದ ದಿನ ಅವಳು ಬೆಳಗಿನ ಬಸ್ಸಿಗೇ ರಾಮನಗರಕ್ಕೆ ಹೊರಟಿದ್ದಳು.

ಮನು ಕೊನೆಯ ಅಸ್ತ್ರ ತೆಗೆದ. ರದ್ದಾಗಬೇಕಾದರೆ ಬೆಳ್ಳಿಯ ಕಿವಿಗೆ ಹಾಕಿದ ವಿಮೆ ನಂಬರಿನ ಹಳದಿ ಓಲೆ ಆಫೀಸಿಗೆ ವಾಪಸ್ ಬರಬೇಕು, ತೆಗೆಯುವಾಗ ಅವಳೂ ಇರಬೇಕು, ಫೋಟೋ ಕಳಿಸಬೇಕು.

"ಒಂದ್ಸಲ ಕಟ್ ಮಾಡುದ್ರೆ ಮುಗೀತು ಕಣಮ್ಮ. ನಾಳೆ ಹಸಕ್ಕೆ ಏನಾರ ಆದ್ರೆ ಯಾರ್ಗೂ ಏನೂ ಬರಲ್ಲ."

"ಬರ್ದೆ ಇರ್ಲಿ. ಯಾವತ್ತು ಬತ್ತೀಯ ಹೇಳು."

ಅವನು ಬಂದದ್ದು ಸೋಮವಾರ ಮಧ್ಯಾಹ್ನದ ಮೇಲೆ, ಬೈಕಿನ ಬಾಕ್ಸಿನಲ್ಲಿ ಓಲೆ ಕತ್ತರಿಸುವ ಇಕ್ಕಳ ಇಟ್ಟುಕೊಂಡು. ರಾಮಲಿಂಗಯ್ಯ ತೋಟದಲ್ಲಿದ್ದ, ಅವನಿಗೆ ಇದ್ಯಾವುದೂ ತಿಳಿಯದು. ಮನುವಿನ ಹಿಂದೆ ಕಾವೇರಮ್ಮ ಮೈದುನನ ಅಂಗಳಕ್ಕೆ ಕಾಲಿಟ್ಟಳು. ಧನಲಕ್ಷ್ಮಿ ಕೊಟ್ಟಿಗೆ ತೊಳೆಯುತ್ತಿದ್ದಳು. ಮನು ವಿಷಯ ಹೇಳಿದ್ದಕ್ಕೆ ಪೊರಕೆ ನಿಲ್ಲಿಸದೆ ಅವನಿಗಷ್ಟೇ ಉತ್ತರ ಕೊಟ್ಟಳು.

"ಕಿತ್ಕೊಂಡೋಗ್ಲಿ ಬುಡಪ್ಪ. ಅವ್ರ ಓಲೆ ಕಟ್ಕೊಂಡು ನಂಗೇನಾಗ್ಬೇಕು?"

ಕಾವೇರಮ್ಮನನ್ನು ಕಂಡದ್ದೇ ಬೆಳ್ಳಿ ಹಗ್ಗ ಜಗ್ಗಿಕೊಂಡು ಬಂದು ಅವಳ ಸೊಂಟದ ಹತ್ತಿರ ಮೂಗು ತೂರಿಸಿತು. ಅಲ್ಲಿ ಬೆಲ್ಲದ ಚೂರು ಸಿಕ್ಕಿಸಿಕೊಂಡು ಬರುವುದು ಅವಳ ಅಭ್ಯಾಸವಾಗಿತ್ತು. ಇವತ್ತು ಅಲ್ಲಿ ಏನೂ ಇರಲಿಲ್ಲ. ಹಸುವಿನ ಮೈ ನುಣ್ಣಗಿತ್ತು, ಗೊರಸು ಚೊಕ್ಕಟವಾಗಿತ್ತು, ಒಂದು ಕೊರತೆ ಹೇಳಲು ಜಾಗವಿರಲಿಲ್ಲ. ಅದರಿಂದ ಅವಳಿಗೆ ಇನ್ನಷ್ಟು ಸಂಕಟವಾಯಿತು, ಸಂಕಟವೇ ಸಿಟ್ಟಾಯಿತು.

"ನೋಡಪ್ಪ ಮನು," ಎಂದಳು, "ದಲ್ಲಾಳಿ ಬುಟ್ಟು ಕಳ್ಳತನದಲ್ಲಿ ಹಸ ಹೊಡ್ಕೊಂಡ್ ಬಂದೋರ ಪೊಗರ ನೋಡು."

ಪೊರಕೆ ನಿಂತಿತು. ಅಷ್ಟು ವರ್ಷಗಳ ಮೇಲೆ ಧನಲಕ್ಷ್ಮಿ ಅವಳ ಮುಖಕ್ಕೆ ಮುಖ ಕೊಟ್ಟು ಮಾತಾಡಿದಳು.

"ನಿನ್ ಹಸ ಯಾರ್ಗೆ ಬೇಕಿತ್ತಕ್ಕ? ನಿನ್ ಗಂಡನೇ ಬಂದು ಇದೇ ಜಗಲಿ ಮ್ಯಾಲೆ ಕೂತ್ಕೊಂಡ. ದೂರಕ್ಕೆ ಕೊಟ್ರೆ ನಮ್ಮೋಳು ಅನ್ನ ನೀರು ಬುಟ್ಬುಡ್ತಾಳೆ, ಗೋಡೆ ಆಚೆ ಇದ್ರೆ ದನೀನಾರ ಕೇಳಿಸ್ತಾ ಇರ್ತದೆ ಅಂದ. ಬಾವ ಕೈ ಮುಗುದ್ಮೇಲೆ ಇಲ್ಲ ಅನ್ನಕ್ಕಾಯ್ತದಾ? ದಲ್ಲಾಳಿ ದುಡ್ಡೂ ಅವನೇ ಕೊಟ್ಟವ್ನೆ. ಹೋಗಿ ಕೇಳ್ಕೋ."

ಕಾವೇರಮ್ಮನ ಕೈ ಬೆಳ್ಳಿಯ ಕೊರಳಿನ ಗಂಗೆದೊಗಲ ಮೇಲಿತ್ತು. ತಗ್ಗಿಸಿದ ಟಿ.ವಿ., ಕಿವಿಗೊಟ್ಟು ಕೂತ ಗಂಡ, ತಾನು ದಿನವೂ ಬೈದದ್ದು, ಎಲ್ಲವೂ ಒಟ್ಟಿಗೆ ನೆನಪಾಯಿತು.

ಇಕ್ಕಳದ ಬಾಯಿಗೆ ಓಲೆಯ ಕಡ್ಡಿ ಸಿಕ್ಕಿಸಿಕೊಂಡಿದ್ದ ಮನು ಅವಳನ್ನು ನೋಡಿದ. "ಕಟ್ ಮಾಡ್ಲಾ ಅಮ್ಮ? ಬ್ಯಾಡ ಅಂದ್ರೆ ಈಗ್ಲೇ ಹೇಳಿ."

ಬ್ಯಾಡ ಎನ್ನಲು ಅವಳು ಬಾಯಿ ತೆರೆದಳು. ಎದುರಿಗೆ ಧನಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟು, ಡೈರಿಯಲ್ಲಿ ನಿಂತಿದ್ದ ಹಾಗೆಯೇ ನಿಂತಿದ್ದಳು. ಅವಳೆದುರು ಹಿಂದೆ ಸರಿದರೆ ಮತ್ತೆ ಅದೇ ನಗು ಕೇಳಬೇಕು.

"ಮಾಡು" ಎಂದಳು.

ಟಕ್ ಎಂದಿತು. ಬೆಳ್ಳಿ ತಲೆ ಕೊಡವಲಿಲ್ಲ, ಅಲುಗಲಿಲ್ಲ. ಕಾವೇರಮ್ಮನ ಕೈ ಮೈಮೇಲಿರುವಾಗ ಅದು ಯಾವತ್ತೂ ಅಲುಗಿದ್ದಿಲ್ಲ. ಧನಲಕ್ಷ್ಮಿಯೂ ನಗಲಿಲ್ಲ. ಒಳಗೆ ಹೋಗಿ ಅರಿಶಿನ ತಂದು ಕಿವಿಯ ತೂತಿಗೆ ಒತ್ತಿದಳು, ಕಾವೇರಮ್ಮನ ಕಡೆ ನೋಡದೆ.

ಮನು ಫೋಟೋ ಹಿಡಿದು, ಓಲೆಯನ್ನು ಕವರಿಗೆ ಹಾಕಿ, ಕಾವೇರಮ್ಮನ ಸಹಿ ತೆಗೆದುಕೊಂಡ. ದುಡ್ಡು ಅಕೌಂಟಿಗೆ ಬರುತ್ತದೆ, ಬಂದಾಗ ಮೊಬೈಲಿಗೆ ಮೆಸೇಜು ಬರುತ್ತದೆ ಎಂದು ಹೇಳಿ ಬೈಕು ಒದ್ದು ಹೊರಟ.

ಸಂಜೆ ರಾಮಲಿಂಗಯ್ಯ ಬಂದು ಕೈಕಾಲು ತೊಳೆದು ಟಿ.ವಿ. ಹಾಕಿ ಕೂತ. ಅವಳು ಕಾಫಿ ತಂದು ಪಕ್ಕದಲ್ಲಿಟ್ಟಳು. ಕೇಳಬೇಕಾದದ್ದು ಬೇಕಾದಷ್ಟಿತ್ತು, ಹೇಳಬೇಕಾದದ್ದು ಅದಕ್ಕಿಂತ ಹೆಚ್ಚಿತ್ತು.

ಗೋಡೆಯಾಚೆ ಬೆಳ್ಳಿ ಕೂಗಿತು. ರಾಮಲಿಂಗಯ್ಯನ ಕೈ ರಿಮೋಟಿನ ಕಡೆ ಹೋಯಿತು. ಅವಳ ಮುಖ ನೋಡಿ, ಇನ್ನು ಬೈಗುಳ ಬರುತ್ತದೆಂದು ಕೈ ಹಿಂದಕ್ಕೆ ತೆಗೆದುಕೊಂಡ.

ಕಾವೇರಮ್ಮ ಎದ್ದು ಹೋಗಿ ಟಿ.ವಿ.ಯ ಸ್ವಿಚ್ಚನ್ನೇ ಆರಿಸಿದಳು. ಆಮೇಲೆ ಬಂದು, ನೋಯುವ ಮಂಡಿಯನ್ನು ಮೆಲ್ಲಗೆ ಚಾಚಿಕೊಂಡು, ಆ ನಡುಗೋಡೆಗೆ ಒರಗಿ ಕೂತಳು.