ಮರಳಿಗೆ ತಕ್ಕ ಗಾಲಿ

ಅಂಗಡಿಯವನು ಮೂರನೆಯ ಗಾಡಿಯನ್ನು ಅಟ್ಟದಿಂದ ಇಳಿಸಿ ತಂದು ನಿಲ್ಲಿಸಿದಾಗ ಸುಜಯೀಂದ್ರ ಬಗ್ಗಿ ಅದರ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಒತ್ತಿದ ಕಡೆ ತಗ್ಗಾಗಿ, ಬೆರಳು ತೆಗೆದೊಡನೆ ಮತ್ತೆ ಉಬ್ಬಿತು. ಗಾಳಿ ತುಂಬಿದ, ದಪ್ಪನೆಯ, ಅಗಲವಾದ ಗಾಲಿ. ಇದು ಮರಳಿನ ಮೇಲೆ ಓಡುತ್ತದೆ ಎಂದು ಅವನಿಗೆ ಆ ಕ್ಷಣವೇ ತಿಳಿದುಹೋಯಿತು. ತಿಳಿದದ್ದೇ ಗಾಡಿಯಿಂದ ಹಿಂದಕ್ಕೆ ಸರಿದು ನಿಂತ.

ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ, ಅದೂ ಗಾಲಿಗಳ ವಿಭಾಗದಲ್ಲಿ, ಎಂಜಿನಿಯರ್ ಆಗಿ ಅರ್ಧ ಆಯುಷ್ಯ ಕಳೆದವನು ಅವನು. ಗಾಲಿ ಇರುವ ಯಾವ ವಸ್ತು ಮನೆಗೆ ಬರುವುದಿದ್ದರೂ, ಸೂಟ್‌ಕೇಸೇ ಆಗಲಿ, ಗ್ಯಾಸ್ ಸಿಲಿಂಡರ್ ಇಡುವ ಸ್ಟ್ಯಾಂಡೇ ಆಗಲಿ, ಅವನ ಮಾತೇ ಕೊನೆ. ಆದ್ದರಿಂದಲೇ ಹೆಂಡತಿ ಶ್ರೀವಿದ್ಯಾ ಪ್ಯಾರಿಸ್ ಕಾರ್ನರ್‌ನ ಆ ಇಕ್ಕಟ್ಟಿನ ಅಂಗಡಿಯಲ್ಲಿ ಗಾಡಿಗಳನ್ನು ಬಿಟ್ಟು ಗಂಡನ ಮುಖವನ್ನೇ ನೋಡುತ್ತಾ ನಿಂತಿದ್ದಳು.

ಅವಳಿಗೆ ಬೇಕಿದ್ದದ್ದು ಡೈವಿಂಗ್ ಸಾಮಾನು ಸಾಗಿಸಲು ಒಂದು ಗಾಡಿ. ಪೆರುಂಗುಡಿಯ ಅವಳ ಆಫೀಸಿನವರು ನಾಲ್ಕು ವರ್ಷದ ಹಿಂದೆ ಮೋಜಿಗೆಂದು ಒಮ್ಮೆ ಸಮುದ್ರದ ಕೆಳಕ್ಕೆ ಕರೆದುಕೊಂಡು ಹೋಗಿದ್ದರು. ಉಳಿದವರು ಫೋಟೋ ಹಾಕಿ ಮರೆತರು. ಇವಳು ಮರೆಯಲಿಲ್ಲ. ಕಾಲಿಗೆ ಹಾಕುವ ರೆಕ್ಕೆ, ಗಾಳಿ ತುಂಬುವ ಜಾಕೆಟ್ಟು, ಉಸಿರಾಡುವ ಕೊಳವೆ, ರಬ್ಬರ್ ಉಡುಪು ಎಲ್ಲವನ್ನೂ ಒಂದೊಂದಾಗಿ ಕೊಂಡಳು. ಎಲ್ಲ ಸೇರಿದರೆ ಒಂದು ಅಕ್ಕಿ ಮೂಟೆಯ ತೂಕ. ಹೋದ ವರ್ಷ ಬೆನ್ನಿನ ಡಿಸ್ಕ್ ಜಾರಿತು. ಈಗ ಡಾಕ್ಟರು ನೀರಿಗಿಳಿಯಬಹುದು ಎಂದಿದ್ದಾರೆ, ಭಾರ ಮಾತ್ರ ಎತ್ತಕೂಡದು. ಅವರ ಗುಂಪನ್ನು ಸಮುದ್ರಕ್ಕೆ ಕರೆದೊಯ್ಯುವ ಕೃಷ್ಣಪ್ರಸಾದನದು ಒಂದು ಹಳೆಯ ಕಟ್ಟಳೆ: ಅವರವರ ಸಾಮಾನನ್ನು ದೋಣಿಯವರೆಗೆ ಅವರವರೇ ತರಬೇಕು. ಹೊತ್ತಾದರೂ ತನ್ನಿ, ಎಳೆದಾದರೂ ತನ್ನಿ, ಆದರೆ ದಡದಲ್ಲೇ ಆಗದವರು ನೀರಿನಲ್ಲಿ ಬೇಡ. ಹಾಗಾಗಿ ಈ ಭಾನುವಾರ ಗಾಡಿ ಮರಳು ದಾಟಿದರೆ ಅವಳಿಗೆ ಸಮುದ್ರ ಉಂಟು, ಇಲ್ಲದಿದ್ದರೆ ಇಲ್ಲ.

ಬೀಚಿಗಾದರೆ ಇದೇ ಸರಿ ಸಾರ್ ಎಂದು ಅಂಗಡಿಯವನು ತಮಿಳಿನಲ್ಲಿ ಹೇಳಿ ದಪ್ಪ ಗಾಲಿಯ ಗಾಡಿಯನ್ನು ಮುಂದೆ ತಳ್ಳಿದ.

"ಇದು ಬೇಡ," ಎಂದ ಸುಜಯೀಂದ್ರ. "ಉಪ್ಪುನೀರು ತಾಕಿದ್ರೆ ಬೇರಿಂಗ್ ತುಕ್ಕು ಹಿಡಿಯತ್ತೆ. ಮುಳ್ಳು ಚುಚ್ಚಿದ್ರೆ ಪಂಚರ್. ಆ ಪೆಟ್ಟಿಗೇನೇ ತೊಗೊ, ಗಟ್ಟಿಯಾಗಿದೆ. ಬೀಗಾನೂ ಹಾಕ್ಬಹುದು."

ಅವನು ತೋರಿಸಿದ್ದು ಗಟ್ಟಿ ಪ್ಲಾಸ್ಟಿಕ್ಕಿನ ನೀಲಿ ಪೆಟ್ಟಿಗೆ. ಕೆಳಗೆ ಎರಡೇ ಗಾಲಿ, ಸಣ್ಣವು, ಗಟ್ಟಿಯಾದವು. ಏರ್‌ಪೋರ್ಟಿನ ನೆಲಕ್ಕೆ ಹೇಳಿ ಮಾಡಿಸಿದಂಥವು.

"ಮರಳಲ್ಲಿ ಹೋಗತ್ತಾ ರೀ?"

"ಹೋಗತ್ತೆ."

ತುಕ್ಕಿನ ಮಾತು ನಿಜ, ಪಂಚರಿನ ಮಾತು ನಿಜ, ಬೀಗವೂ ನಿಜ. ಸುಳ್ಳು ಆ ಒಂದೇ ಮಾತು. ಶ್ರೀವಿದ್ಯಾ ಎರಡನೆಯ ಸಲ ಕೇಳಲಿಲ್ಲ. ಅಂಗಡಿಯವನು ಒಂದು ಗಳಿಗೆ ಇಬ್ಬರನ್ನೂ ನೋಡಿ, ಕೊಳ್ಳುವವರ ಇಷ್ಟ ಎಂದುಕೊಂಡು ಪೆಟ್ಟಿಗೆಯ ದೂಳು ಒರೆಸಿದ.

ಸುಜಯೀಂದ್ರ ಕೆಟ್ಟವನಲ್ಲ. ಅವನಿಗೆ ಹೆದರಿಕೆ, ಅಷ್ಟೆ. ಬೆನ್ನು ಹಿಡಿಯುವ ಮೊದಲು ಒಂದು ಭಾನುವಾರ ಗುಂಪು ಎರಡು ದೋಣಿಯಲ್ಲಿ ಹೋಗಿತ್ತು. ಮಧ್ಯಾಹ್ನ ಅವಳನ್ನು ಕರೆದುಕೊಂಡು ಬರಲು ಅವನು ದಡಕ್ಕೆ ಹೋದಾಗ ಒಂದು ದೋಣಿ ಮಾತ್ರ ಮರಳಿತ್ತು. ಇಬ್ಬರನ್ನು ಸೆಳವು ಎಳೆದುಕೊಂಡು ಹೋಗಿದೆ, ಇನ್ನೊಂದು ದೋಣಿ ಹುಡುಕುತ್ತಿದೆ ಎಂದರು. ಇಬ್ಬರಲ್ಲಿ ಒಬ್ಬಳು ಶ್ರೀವಿದ್ಯಾ. ಕೊನೆಗೆ ಯಾರೋ ಮೀನುಗಾರರು ಅವರನ್ನು ಹತ್ತಿಸಿಕೊಂಡು ಬಂದರು. ಅವಳು ಅವರು ಕೊಟ್ಟ ಬಿಸ್ಕತ್ತು ತಿನ್ನುತ್ತಾ ಇಳಿದು, ನೀರೊಳಗೆ ಕಂಡ ಆಮೆಯ ಸುದ್ದಿ ಹೇಳಿದಳು. ಅವನೂ ನಕ್ಕ. ಆ ನಡುವೆ ದಡದಲ್ಲಿ ತಾನು ಹೇಗೆ ನಿಂತಿದ್ದೆನೆಂದು ಅವನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಹೋಗಬೇಡ ಎಂದು ಹೇಳುವ ಧೈರ್ಯವೂ ಇರಲಿಲ್ಲ. ದಿನವಿಡೀ ಆಫೀಸಿನಲ್ಲಿ ಜನರನ್ನು ಸಂಭಾಳಿಸುವ ಹೆಂಗಸು ಒಮ್ಮೆ ಹೇಳಿದ್ದಳು, ಕೆಳಗೆ ಇಳಿದರೆ ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ ಎಂದು. ಅಂಥದ್ದನ್ನು ಬಿಡು ಎನ್ನುವುದು ಹೇಗೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನೀಲಿ ಪೆಟ್ಟಿಗೆ ಆ ಕೆಲಸ ಮಾಡಲಿ ಎಂದುಕೊಂಡ.

ಬೆಸೆಂಟ್ ನಗರದ ಮನೆಯಲ್ಲಿ ಪೆಟ್ಟಿಗೆಗೆ ಸ್ವಾಗತವೇ ಆಯಿತು. ಅವನ ತಾಯಿ ಕಲಾವತಿಬಾಯಿ ತಮ್ಮ ಕುರ್ಚಿಯನ್ನು ಹಾಲಿನ ನಡುವಿಗೆ ಎಳೆಸಿಕೊಂಡು ಕೂತರು. ಅರಳಿಮರವನ್ನೂ ಸಮುದ್ರವನ್ನೂ ಕಂಡಕಂಡ ದಿನ ಮುಟ್ಟಬಾರದು, ಸಮುದ್ರಕ್ಕೆ ಪರ್ವದ ದಿನವೇ ಆಗಬೇಕು ಎಂಬುದು ಆ ಮನೆಯಲ್ಲಿ ನಡೆದುಬಂದ ಕಟ್ಟು. ಸೊಸೆ ಮೊದಲ ಸಲ ಸಮುದ್ರಕ್ಕಿಳಿಯುತ್ತೇನೆ ಎಂದಾಗ ರಾದ್ಧಾಂತವಾಗುತ್ತದೆಂದು ಎಲ್ಲರೂ ಹೆದರಿದ್ದರು. ಮುದುಕಿ ಯೋಚಿಸಿ, ರಬ್ಬರ್ ಬಟ್ಟೆ ಮೈಯೆಲ್ಲ ಮುಚ್ಚುತ್ತದೆಯೇ ಎಂದು ಕೇಳಿ, ಮುಚ್ಚುತ್ತದೆ ಎಂದಮೇಲೆ, ಹಾಗಾದರೆ ಅದು ಮುಟ್ಟಿದ ಲೆಕ್ಕವಲ್ಲ ಎಂದು ತೀರ್ಪು ಕೊಟ್ಟಿದ್ದರು. ಆ ಬಟ್ಟೆಯೊಳಗೆ ನೀರು ನುಗ್ಗುತ್ತದೆ ಎಂಬುದನ್ನು ಶ್ರೀವಿದ್ಯಾ ಹೇಳಲು ಹೋಗಲಿಲ್ಲ. ಪ್ರತಿ ಸಲ ಬಂದಮೇಲೆ ಯಾವ ಮೀನು, ಯಾವ ಬಣ್ಣ ಎಂದು ಅತ್ತೆಗೆ ಒಪ್ಪಿಸಬೇಕಿತ್ತು. ಕಳೆದ ಒಂದು ವರ್ಷದಿಂದ ಅದೂ ನಿಂತಿತ್ತು.

ಶ್ರೀವಿದ್ಯಾ ಪೆಟ್ಟಿಗೆಯೊಳಗೆ ಅಕ್ಕಿಯ ಚೀಲ, ಉದ್ದಿನಬೇಳೆ ಡಬ್ಬ ತುಂಬಿ ಹಾಲಿನ ಟೈಲ್ಸ್ ಮೇಲೆ ಎಳೆದು ನೋಡಿದಳು. ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು. ಒಂದೇ ಕೈಯಲ್ಲಿ ಎಳೆಯುತ್ತಾ ಅಡುಗೆಮನೆಗೆ ಹೋಗಿ ತಿರುಗಿ ಬಂದಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ಬಂದ ನಗು ನೋಡಿ ಸುಜಯೀಂದ್ರ ಫ್ಯಾನಿನ ರೆಗ್ಯುಲೇಟರ್ ತಿರುಗಿಸಲು ಎದ್ದು ಹೋದ.

"ಮರಳಲ್ಲಿ ಎಳೆದು ನೋಡಿದ್ಯೇನೋ?" ಎಂದರು ಕಲಾವತಿಬಾಯಿ. "ಬೀದಿ ತುದೀಲೇ ಬೀಚಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುಜಯೀಂದ್ರ ಒಂದಕ್ಕೆ ನಾಲ್ಕು ಮಾತಾಡಿದ. ಹೊಸ ಪೆಟ್ಟಿಗೆಗೆ ಈಗಲೇ ಮರಳು ತುಂಬಿಸುವುದು ಯಾಕೆ, ಗೀಚು ಬಿದ್ದರೆ ಅಂಗಡಿಯವನು ವಾಪಸ್ ತೊಗೊಳ್ಳುವುದಿಲ್ಲ, ಹೇಗೂ ಭಾನುವಾರ ನೋಡುತ್ತೇವಲ್ಲ. ತಾಯಿ ಅವನನ್ನೇ ನೋಡಿದರು. "ಕಂಡಿಪ್ಪಾ, ಖಂಡಿತ ಹೋಗತ್ತೆ ಅಂದ್ರೆ ಸರಿ. ಭಾನುವಾರ ಹುಣ್ಣಿಮೆ, ಪರ್ವ. ನೀನೂ ಕಾಲಾದ್ರೂ ನೆನೆಸ್ಕೊಂಡು ಬಾ," ಎಂದು ಜಪದ ಮಣಿಗೆ ಕೈ ಹಾಕಿದರು.

ಶನಿವಾರವಿಡೀ ಅವನು ನಿಂತಲ್ಲಿ ನಿಲ್ಲಲಿಲ್ಲ. ಪೆಟ್ಟಿಗೆಯ ಗಾಲಿಗೆ ಬೇಡದಿದ್ದರೂ ಎಣ್ಣೆ ಬಿಟ್ಟ. ಕಾಫಿ ಕೇಳಿ ಕುಡಿಯದೆ ಆರಿಸಿದ. ಪೆಟ್ಟಿಗೆಯನ್ನು ವಾಪಸ್ ಕೊಟ್ಟು ದಪ್ಪ ಗಾಲಿಯದನ್ನು ತಂದುಬಿಡೋಣ ಎಂದು ಕಾರಿನ ಕೀ ಹಿಡಿದು ಕೆಳಗೆ ಹೋದವನು, ಕಾರಿನಲ್ಲಿ ಸುಮ್ಮನೆ ಕೂತು, ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ಮೇಲೆ ಬಂದ.

ಭಾನುವಾರ ಬೆಳಗ್ಗೆ ಕಡಲ ದಂಡೆಯ ಈಸಿಆರ್ ರಸ್ತೆಯಲ್ಲಿ ಶ್ರೀವಿದ್ಯಾ ದಾರಿಯುದ್ದಕ್ಕೂ ಮಾತಾಡಿದಳು. ಮೀನುಗಾರರ ಕೇರಿಯಾದ ಕುಪ್ಪದಲ್ಲಿ ರಸ್ತೆ ಮುಗಿಯುವ ಕಡೆ ಕಾರು ನಿಂತಿತು. ಎಂದಿನಂತೆ ಅವನು ಅಲ್ಲಿಂದಲೇ ಹಿಂದಿರುಗಬೇಕಿತ್ತು. ಹಿಂದಿರುಗದೆ ಕಾರಿಗೆ ಒರಗಿ ನಿಂತ. ಒಣಹಾಕಿದ ಬಲೆಗಳ ನಡುವಿನ ಕಾಂಕ್ರೀಟಿನ ಮೇಲೆ ಪೆಟ್ಟಿಗೆ ಟಕಟಕ ಹೋಯಿತು. ಅಲ್ಲಿಂದ ಮುಂದೆ ಮರಳು.

ನಾಲ್ಕು ಹೆಜ್ಜೆಗೆ ಗಾಲಿ ಎರಡೂ ಹೂತವು. ಅವಳು ಎಳೆದಳು. ಗಾಲಿ ತಿರುಗುವುದನ್ನು ಬಿಟ್ಟು ಪೆಟ್ಟಿಗೆ ನೇಗಿಲಿನ ಹಾಗೆ ಮರಳನ್ನು ಸೀಳುತ್ತಾ ಬಂತು. ತಿರುಗಿ ನಿಂತು ಎರಡೂ ಕೈಯಿಂದ ಹಿಮ್ಮುಖವಾಗಿ ಎಳೆದಳು. ಜೊತೆಯವರು ಚೀಲ ಬೆನ್ನಿಗೇರಿಸಿಕೊಂಡು ಮುಂದೆ ಹೋಗಿ ಆಗಿತ್ತು. ದೋಣಿಯ ಪಕ್ಕದಿಂದ ಕೃಷ್ಣಪ್ರಸಾದ ನೋಡುತ್ತಿದ್ದ, ಬರಲಿಲ್ಲ. ಅರ್ಧ ದಾರಿಯಲ್ಲಿ ಅವಳು ಸೊಂಟಕ್ಕೆ ಕೈ ಕೊಟ್ಟು ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

ಸುಜಯೀಂದ್ರ ಹೋಗಿ ಪಕ್ಕದಲ್ಲಿ ನಿಂತ.

"ನೀವು ನೋಡಿ ಆರಿಸಿದ ಗಾಲಿ ತಪ್ಪಾಗಲ್ಲ ರೀ," ಎಂದಳು ಶ್ರೀವಿದ್ಯಾ. "ನನ್ನ ಬೆನ್ನೇ ಹೋಗಿದೆ. ಸಾಕು. ಇನ್ಮೇಲೆ ಬರಲ್ಲ ಅಂತ ಅವರಿಗೆ ಹೇಳಿ ಬಂದ್ಬಿಡ್ತೀನಿ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಹೇಳಿದ್ದನ್ನು ಪೂರ್ತಿ ನಂಬಿದ್ದಳು. ಅವನು ಬಯಸಿದ್ದು ಇದೇ. ಸರಿ ಬಾ, ಮನೆಗೆ ಹೋಗೋಣ ಎಂದರೆ ಮುಗಿಯಿತು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಬೆನ್ನಲ್ಲ," ಎಂದ. "ಗಾಲಿ. ಇದು ಮರಳಲ್ಲಿ ಹೂತುಹೋಗತ್ತೆ ಅಂತ ಅಂಗಡೀಲೇ ಗೊತ್ತಿತ್ತು ನನಗೆ."

"ಗೊತ್ತಿತ್ತು ಅಂದ್ರೆ?"

"ಗೊತ್ತಿದ್ದೇ ಕೊಡಿಸ್ದೆ. ಆವತ್ತು ದೋಣಿ ನೀನಿಲ್ದೆ ಬಂತು, ವಿದ್ಯಾ. ನಾನು ಇಲ್ಲೇ ನಿಂತಿದ್ದೆ."

ಅವಳು ಅವನನ್ನು ನೋಡಿದಳು. ಅಂಗಡಿಯಲ್ಲಿ ನೋಡಿದ್ದ ನೋಟ ಇದಲ್ಲ. ಮುಖ ಕೆಂಪಾಗಿತ್ತು, ತುಟಿ ಬಿಗಿದಿತ್ತು.

"ಬಾಯಿ ಬಿಟ್ಟು ಹೇಳ್ಬಹುದಿತ್ತು."

"ಹೇಳಿದ್ರೆ ಬಿಡ್ತಿದ್ಯಾ?"

"ಇಲ್ಲ," ಎಂದು ಅವಳು ಪೆಟ್ಟಿಗೆಯಿಂದ ಎದ್ದಳು.

ಅವನು ಪೆಟ್ಟಿಗೆಯನ್ನು ತಬ್ಬಿ ಹಿಡಿದು ಎತ್ತಿದ. ಅಷ್ಟು ಭಾರವೆಂದು ತಿಳಿದಿರಲಿಲ್ಲ. ಹೆಜ್ಜೆ ಹೆಜ್ಜೆಗೂ ಕಾಲು ಹೂತು, ನಡುವೆ ಇಳಿಸಿ ಉಸಿರು ತೆಗೆದುಕೊಂಡು, ಮತ್ತೆ ಹೊತ್ತ. ಶ್ರೀವಿದ್ಯಾ ಮುಂದೆ ನಡೆದಳು, ಹಿಂದಿರುಗಿ ನೋಡಲಿಲ್ಲ. ಗಾಡಿ ಏನಾಯಿತು ಎಂದು ಕೃಷ್ಣಪ್ರಸಾದ ಕೇಳಿದ್ದಕ್ಕೆ, "ಗಾಡಿ ಸರಿಯಿಲ್ಲ. ಬೆನ್ನು ಸರಿಯಾಗಿದೆ," ಎಂದಳು. ಅವನು ಗಂಡನ ಬೆವರನ್ನೂ ಹೆಂಡತಿಯ ಮುಖವನ್ನೂ ನೋಡಿ, ಈ ಒಂದು ಸಲಕ್ಕೆ ಮಾತ್ರ ಎಂದ.

ದೋಣಿ ಅಲೆಯಲ್ಲಿ ಕುಣಿಯುತ್ತಿತ್ತು. ಸುಜಯೀಂದ್ರ ಪ್ಯಾಂಟು, ಚಪ್ಪಲಿ ಸಮೇತ ಸೊಂಟದವರೆಗೆ ಇಳಿದು ಒಂದೊಂದೇ ಸಾಮಾನು ಮೇಲೆ ಕೊಟ್ಟ. ಅವಳು ಬಾಗದೆ, ನೆಟ್ಟಗೆ ಕೂತೇ ತೆಗೆದುಕೊಂಡಳು. ಪೆಟ್ಟಿಗೆ ಖಾಲಿಯಾಯಿತು.

"ಆ ದಪ್ಪ ಗಾಲೀದು ಅಂಗಡೀಲಿ ಇನ್ನೂ ಇರತ್ತಾ?" ಎಂದಳು, ಮುಖ ಸಡಿಲಿಸದೆ.

"ಇರತ್ತೆ."

"ನಿಜಾನಾ?"

ಅವನು ಹೌದೆಂದು ತಲೆ ಆಡಿಸಿದ. ಮೋಟಾರಿನ ಸದ್ದಿಗೆ ಮುಂದಿನ ಮಾತು ಮುಳುಗಿತು.

ದೋಣಿ ಹೋದಮೇಲೆ ಅವನು ದಡಕ್ಕೆ ಬಂದು, ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿ, ಅದರ ಪಕ್ಕ ಮರಳಿನಲ್ಲೇ ಕೂತ. ಮೈಯಿಂದ ನೀರಿಳಿಯುತ್ತಿತ್ತು. ಹಿಂದೆ ಎರಡು ಗೀರುಗಳು ಅರ್ಧ ದಾರಿಯವರೆಗೆ ಬಂದು ನಿಂತಿದ್ದವು, ಅಲ್ಲಿಂದೀಚೆಗೆ ಬರೀ ಆಳವಾದ ಹೆಜ್ಜೆಗಳು. ಅವನು ಅತ್ತ ನೋಡಲಿಲ್ಲ. ದೋಣಿ ಕಾಣದಾದ ಮೇಲೂ ಅದು ಹೋದ ಕಡೆಗೇ ಮುಖ ಮಾಡಿ ಕೂತಿದ್ದ. ಒಂದು ಕೈ ತಾನಾಗಿ ಪೆಟ್ಟಿಗೆಯ ಸಣ್ಣ ಗಾಲಿಯನ್ನು ತಿರುಗಿಸುತ್ತಿತ್ತು, ಅದರಿಂದ ಮರಳು ಸಣ್ಣಗೆ ಉದುರುತ್ತಿತ್ತು.